56 ಹೋಮ್ ರನ್ ಬಾರಿಸಿದ ಮುರಕಾಮಿಗೆ ಎರಡೇ ವರ್ಷದ ಒಪ್ಪಂದ ಯಾಕೆ?

2025ರ ಡಿಸೆಂಬರ್‌ನಲ್ಲಿ ಜಪಾನಿನ ಬೇಸ್‌ಬಾಲ್ ಆಟಗಾರ ಮುನೆತಾಕಾ ಮುರಕಾಮಿ ಅಮೆರಿಕದ ಮೇಜರ್ ಲೀಗ್‌ಗೆ ಹೊರಟರು. ಅವರನ್ನು ಕೊಂಡಿದ್ದು ಶಿಕಾಗೊ ವೈಟ್ ಸಾಕ್ಸ್. ಎರಡು ವರ್ಷಕ್ಕೆ 3.4 ಕೋಟಿ ಡಾಲರ್. ನಮ್ಮ ನಿಮ್ಮ ಲೆಕ್ಕದಲ್ಲಿ ಇದು ಏಳು ತಲೆಮಾರಿಗೆ ಸಾಕಾಗುವ ದುಡ್ಡು. ಆದರೆ ಬೇಸ್‌ಬಾಲ್ ಮಂದಿ ಹುಬ್ಬೇರಿಸಿದರು. ಯಾಕೆಂದರೆ ಒಪ್ಪಂದಕ್ಕೆ ಮೊದಲು ಎಂಟು ವರ್ಷ, 18 ಕೋಟಿ ಡಾಲರ್ ಅಂತ ಅಂದಾಜು ಹಾಕಿದವರಿದ್ದರು. ವಯಸ್ಸು ಬರೀ 25. ಒಂದೇ ಸೀಸನ್‌ನಲ್ಲಿ 56 ಹೋಮ್ ರನ್ ಬಾರಿಸಿದ ಕೈ. ಹೋಮ್ ರನ್ ಅಂದರೆ ಚೆಂಡನ್ನು ಮೈದಾನದಾಚೆ ಕಳಿಸುವುದು, ನಮ್ಮ ಸಿಕ್ಸರ್ ಅಂದುಕೊಳ್ಳಿ. ಒಲಿಂಪಿಕ್ ಚಿನ್ನ, ವಿಶ್ವಕಪ್ಪು ಎರಡೂ ಮನೆಯಲ್ಲಿವೆ. ಇಂಥ ಆಟಗಾರನಿಗೆ ದೊಡ್ಡ ತಂಡಗಳು ಯಾಕೆ ಮುಗಿಬೀಳಲಿಲ್ಲ?

ಇದಕ್ಕೆ ಉತ್ತರ ಅವರು ಹೊಡೆದ ಹೋಮ್ ರನ್‌ಗಳಲ್ಲಿ ಸಿಗುವುದಿಲ್ಲ. ಬ್ಯಾಟಿಗೆ ಸಿಗದೆ ಹೋದ ಚೆಂಡುಗಳಲ್ಲಿ ಸಿಗುತ್ತದೆ.

ಮುರಕಾಮಿ ಹುಟ್ಟಿದ್ದು 2000ದ ಫೆಬ್ರವರಿ 2ರಂದು, ಜಪಾನಿನ ದಕ್ಷಿಣದ ಕುಮಾಮೊತೊದಲ್ಲಿ. ಹೈಸ್ಕೂಲಿನಲ್ಲಿ ಕ್ಯಾಚರ್ ಆಗಿದ್ದರು. ಕ್ರಿಕೆಟ್‌ನ ವಿಕೆಟ್ ಕೀಪರ್ ಜಾಗ ಅಂದುಕೊಳ್ಳಿ. 2017ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಎಲ್ಲರ ಕಣ್ಣು ಇವರ ಮೇಲಿರಲಿಲ್ಲ, ಕೊತಾರೊ ಕಿಯೊಮಿಯಾ ಎಂಬ ಹುಡುಗನ ಮೇಲಿತ್ತು. ಕಿಯೊಮಿಯಾ ಹೈಸ್ಕೂಲಿನಲ್ಲೇ 111 ಹೋಮ್ ರನ್ ಹೊಡೆದಿದ್ದ. ಏಳು ತಂಡಗಳು ಅವನಿಗಾಗಿ ಚೀಟಿ ಎತ್ತಿದವು. ಸೋತ ತಂಡಗಳಲ್ಲಿ ಯಾಕುಲ್ಟ್ ಸ್ವಾಲೋಸ್ ಒಂದು. ಮುಂದಿನ ಸುತ್ತಿನಲ್ಲಿ ಅದು ಮುರಕಾಮಿ ಹೆಸರಿಗೆ ಮತ್ತೆ ಚೀಟಿ ಎತ್ತಿತು, ಈ ಸಲ ಗೆದ್ದಿತು. ಹೌದು, ನಮ್ಮ ಸೂಪರ್ ಮಾರ್ಕೆಟ್‌ಗಳ ಫ್ರಿಜ್‌ನಲ್ಲಿ ಪುಟ್ಟ ಬಾಟಲಿಗಳಲ್ಲಿ ಕೂತಿರುತ್ತದಲ್ಲ, ಅದೇ ಯಾಕುಲ್ಟ್. ಜಪಾನಿನಲ್ಲಿ ತಂಡಗಳ ಹೆಸರಿನಲ್ಲಿ ಊರಿಗಿಂತ ಕಂಪನಿಯೇ ಮುಂದೆ.

2018ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಬ್ಯಾಟ್ ಹಿಡಿದು ನಿಂತಾಗಲೇ ಹೋಮ್ ರನ್. ಮರುವರ್ಷ 36 ಹೋಮ್ ರನ್, ವರ್ಷದ ಹೊಸ ಆಟಗಾರ ಪ್ರಶಸ್ತಿ. ಆದರೆ ಅದೇ ವರ್ಷ ಅವರು 184 ಸಲ ಸ್ಟ್ರೈಕ್ ಔಟ್ ಆದರು. ಅಂದರೆ ಚೆಂಡು ಎಸೆಯುವ ಪಿಚರ್ ಮೂರು ಸ್ಟ್ರೈಕ್ (ಬೀಸಿ ತಪ್ಪಿದ ಅಥವಾ ಹೊಡೆಯಬಹುದಾಗಿದ್ದೂ ಬಿಟ್ಟ ಚೆಂಡು) ಹಾಕಿ ಸುಮ್ಮನೆ ವಾಪಸ್ ಕಳಿಸಿದ್ದು 184 ಸಲ. ಈ 184 ಅನ್ನು ನೆನಪಿಟ್ಟುಕೊಳ್ಳಿ. ಬೆಳೆಯುವ ಹುಡುಗ, ಸರಿಹೋಗುತ್ತಾನೆ ಅಂತ ಆಗ ಸುಲಭವಾಗಿ ಹೇಳಬಹುದಿತ್ತು.

ಸರಿಹೋಯಿತು ಕೂಡ. 2020ರಲ್ಲಿ ಬ್ಯಾಟಿಂಗ್ ಸರಾಸರಿ .307, ಅಂದರೆ ಸಾವಿರ ಪ್ರಯತ್ನಕ್ಕೆ 307 ಯಶಸ್ವಿ ಹೊಡೆತದ ಲೆಕ್ಕ. 2021ರಲ್ಲಿ 39 ಹೋಮ್ ರನ್, ಜಪಾನಿನ ಎರಡು ಲೀಗ್‌ಗಳಲ್ಲಿ ಒಂದಾದ ಸೆಂಟ್ರಲ್ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ, ತಂಡಕ್ಕೆ ಜಪಾನ್ ಸೀರೀಸ್ ಕಪ್ಪು. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ವಿರುದ್ಧ ಒಂದು ಹೋಮ್ ರನ್ ಮತ್ತು ಚಿನ್ನ.

ಆಮೇಲೆ 2022 ಬಂತು. ಈ ವರ್ಷದ ಹತ್ತಿರ ಸ್ವಲ್ಪ ನಿಲ್ಲಬೇಕು. ಮುರಕಾಮಿ ಬಗ್ಗೆ ಎಲ್ಲ ನಿರೀಕ್ಷೆ ಹುಟ್ಟಿದ್ದೂ ಇಲ್ಲೇ, ಎಲ್ಲ ಗೊಂದಲ ಹುಟ್ಟಿದ್ದೂ ಇಲ್ಲೇ.

ಜಪಾನಿನಲ್ಲಿ 55 ಎಂಬುದು ಬರೀ ಸಂಖ್ಯೆಯಾಗಿರಲಿಲ್ಲ. 1964ರಲ್ಲಿ ಸದಾಹರು ಓ ಒಂದೇ ಸೀಸನ್‌ನಲ್ಲಿ 55 ಹೋಮ್ ರನ್ ಹೊಡೆದಿದ್ದರು. ಒಂಟಿ ಕಾಲೆತ್ತಿ ನಿಂತು ಹೊಡೆಯುತ್ತಿದ್ದ ಓ, ವೃತ್ತಿಯಲ್ಲಿ 868 ಹೋಮ್ ರನ್ ಬಾರಿಸಿ ದಂತಕಥೆಯಾದವರು. ಅವರ ದಾಖಲೆಯ ಹತ್ತಿರ ವಿದೇಶಿ ಆಟಗಾರರು ಬಂದಾಗಲೆಲ್ಲ ಒಂದು ವಿಚಿತ್ರ ನಡೆಯುತ್ತಿತ್ತು. 1985ರಲ್ಲಿ ರ‍್ಯಾಂಡಿ ಬಾಸ್ 54 ಹೊಡೆದಿದ್ದರು. ಕೊನೆಯ ಪಂದ್ಯಗಳು ಓ ಅವರೇ ಮ್ಯಾನೇಜರ್ ಆಗಿದ್ದ ಯೊಮಿಯುರಿ ಜೈಂಟ್ಸ್ ವಿರುದ್ಧ. ಪಿಚರ್‌ಗಳು ಬಾಸ್‌ಗೆ ಹೊಡೆಯುವಂಥ ಚೆಂಡನ್ನೇ ಹಾಕಲಿಲ್ಲ, ಮತ್ತೆ ಮತ್ತೆ ವಾಕ್ ಕೊಟ್ಟರು, ಅಂದರೆ ಹೊಡೆಯಲಾಗದ ನಾಲ್ಕು ಚೆಂಡು ಹಾಕಿ ಸುಮ್ಮನೆ ಮೊದಲ ಬೇಸ್‌ಗೆ ಕಳಿಸಿದರು. 2001ರಲ್ಲಿ ಟಫಿ ರೋಡ್ಸ್, 2002ರಲ್ಲಿ ಅಲೆಕ್ಸ್ ಕಬ್ರೆರಾ 55 ಮುಟ್ಟಿ ನಿಂತರು. ಓ ಅವರ ಅಂದಿನ ತಂಡ ಡಾಯೆಯ್ ಹಾಕ್ಸ್ ಇವರಿಗೂ ಹಾಗೇ ಮಾಡಿತು. ಕೊನೆಗೆ 2013ರಲ್ಲಿ ವ್ಲಾಡಿಮಿರ್ ಬಾಲೆಂಟಿನ್ ಗೋಡೆ ಒಡೆದು 60ಕ್ಕೆ ಹೋದರು. ಅವರೂ ಯಾಕುಲ್ಟ್ ಆಟಗಾರರೇ. ಆದರೂ ಜಪಾನಿನಲ್ಲಿ ಹುಟ್ಟಿ ಬೆಳೆದ ಆಟಗಾರರ ಪಟ್ಟಿಯಲ್ಲಿ ಓ ಅವರ 55 ಹಾಗೇ ಕೂತಿತ್ತು.

ಮುರಕಾಮಿ ಆ ವರ್ಷ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದೊಳಗೆ ಬ್ಯಾಟಿಂಗಿಗೆ ಬಂದ ಐದು ಸರದಿಯಲ್ಲೂ ಸತತವಾಗಿ ಹೋಮ್ ರನ್ ಹೊಡೆದರು. ಸೆಪ್ಟೆಂಬರ್ 13ರಂದು ಜೈಂಟ್ಸ್ ವಿರುದ್ಧ ಒಂದೇ ದಿನ 54, 55. ಓ ಸಮಕ್ಕೆ ಬಂದಾಯಿತು. ಅಲ್ಲಿಂದ ಬರಗಾಲ. ಮೂರು ವಾರ ಒಂದೂ ಇಲ್ಲ. ದಿನವೂ ಕ್ಯಾಮೆರಾ, ದಿನವೂ ಲೆಕ್ಕ. ಬ್ಯಾಟು ಬೀಸುವ ಲಯವೇ ತಪ್ಪಿದಂತೆ ಕಾಣುತ್ತಿತ್ತು. ಅಕ್ಟೋಬರ್ 3, ಸೀಸನ್‌ನ ಕೊನೆಯ ಪಂದ್ಯ. ಟೋಕಿಯೊದ ಜಿಂಗೂ ಮೈದಾನ. ಏಳನೇ ಇನಿಂಗ್ಸ್, ವರ್ಷದ ಕೊನೆಯ ಸರದಿ. ಮೊದಲ ಚೆಂಡೇ 151 ಕಿ.ಮೀ. ವೇಗದ ನೇರ ಎಸೆತ. ಎಡಗೈ ಬ್ಯಾಟರ್ ಮುರಕಾಮಿ ಅದನ್ನು ಬಲಬದಿಯ ಪ್ರೇಕ್ಷಕರ ನಡುವೆ ಕಳಿಸಿದರು. 56. ಸ್ವಾಲೋಸ್ ಅಭಿಮಾನಿಗಳ ಪುಟಾಣಿ ಛತ್ರಿಗಳೆಲ್ಲ ಮೇಲೆದ್ದು ಕುಣಿದವು. ಮಳೆ ಇರಲಿ ಬಿಡಲಿ, ಆ ತಂಡದ ಅಭಿಮಾನಿಗಳಿಗೆ ಛತ್ರಿ ಬೇಕೇ ಬೇಕು.

ಆ ವರ್ಷ ಸರಾಸರಿ .318, ಹೋಮ್ ರನ್ 56, ಆರ್‌ಬಿಐ (ತನ್ನ ಬ್ಯಾಟಿಂಗಿನಿಂದ ತಂಡಕ್ಕೆ ಬಂದ ರನ್) 134. ಮೂರರಲ್ಲೂ ಲೀಗಿಗೇ ಮೊದಲು. ಇದಕ್ಕೆ ಟ್ರಿಪಲ್ ಕ್ರೌನ್ ಅನ್ನುತ್ತಾರೆ. 22ನೇ ವಯಸ್ಸಿಗೆ ಇದನ್ನು ಗೆದ್ದವರು ಜಪಾನಿನಲ್ಲಿ ಬೇರೆ ಯಾರೂ ಇಲ್ಲ. ತಂಡದ ಪ್ರಾಯೋಜಕ ಕಂಪನಿಯೊಂದು ಟೋಕಿಯೊದಲ್ಲಿ 30 ಕೋಟಿ ಯೆನ್ ಬೆಲೆಯ ಮನೆಯನ್ನೇ ಉಡುಗೊರೆ ಕೊಟ್ಟಿತು. ಯಾಕುಲ್ಟ್ ಮೂರು ವರ್ಷಕ್ಕೆ 180 ಕೋಟಿ ಯೆನ್ ಒಪ್ಪಂದ ಮಾಡಿಕೊಂಡು, 2025ರ ನಂತರ ಅಮೆರಿಕಕ್ಕೆ ಬಿಟ್ಟುಕೊಡುತ್ತೇವೆ ಅಂತ ಮಾತು ಕೊಟ್ಟಿತು.

ಈ 56 ಎಷ್ಟು ದೊಡ್ಡದು ಅಂತ ತಿಳಿಯಲು ಪಕ್ಕದ ಸಾಲು ನೋಡಿ. ಅದೇ ವರ್ಷ ಅದೇ ಲೀಗಿನಲ್ಲಿ ಎರಡನೇ ಸ್ಥಾನ ಕಜುಮಾ ಒಕಾಮೊತೊ ಅವರದು, 30 ಹೋಮ್ ರನ್. ಅಂತರ 26! ಪಿಚರ್‌ಗಳು ಮೆರೆಯುತ್ತಿದ್ದ ವರ್ಷದಲ್ಲಿ ಒಬ್ಬನೇ ಬೇರೆ ಆಟ ಆಡಿದಂತಿತ್ತು.

ಮುಂದಿನ ಮೂರು ವರ್ಷದ ಅಂಕಿಗಳೇ ಅಮೆರಿಕದ ತಂಡಗಳನ್ನು ಹಿಂಜರಿಯುವಂತೆ ಮಾಡಿದ್ದು. 2023ರಲ್ಲಿ ಸರಾಸರಿ .256, 31 ಹೋಮ್ ರನ್, 168 ಸ್ಟ್ರೈಕ್ ಔಟ್. 2024ರಲ್ಲಿ .244, 33 ಹೋಮ್ ರನ್, 180 ಸ್ಟ್ರೈಕ್ ಔಟ್. 2025ರಲ್ಲಿ ಪಕ್ಕೆಯ ಸ್ನಾಯುವಿನ ಗಾಯದಿಂದ ಬರೀ 56 ಪಂದ್ಯ, ಅಷ್ಟರಲ್ಲೇ 22 ಹೋಮ್ ರನ್. 2022ರಲ್ಲಿ ನೂರು ಸರದಿಗೆ 21 ಸಲ ಸ್ಟ್ರೈಕ್ ಔಟ್ ಆಗುತ್ತಿದ್ದವರು, ಆಮೇಲೆ 28, 29ರ ಆಸುಪಾಸಿನಲ್ಲೇ ನಿಂತರು. 2019ರ ಆ 184 ನೆನಪಿದೆಯಲ್ವಾ? ಹುಡುಗುತನದ ತಪ್ಪು ಅಂದುಕೊಂಡಿದ್ದು ವಾಪಸ್ ಬಂದು ಮನೆ ಮಾಡಿಕೊಂಡಿತ್ತು.

ಇಲ್ಲಿ ಮುರಕಾಮಿ ಪರವಾಗಿ ಒಂದು ಮಾತು ಹೇಳಲೇಬೇಕು. 2024ರಲ್ಲಿ ಜಪಾನಿನಲ್ಲಿ ಬ್ಯಾಟರ್‌ಗಳ ಗತಿ ಯಾರಿಗೂ ಬೇಡ. ಎರಡೂ ಲೀಗ್ ಸೇರಿ .300 ದಾಟಿದವರು ಮೂರೇ ಜನ. ಅಂಥ ವರ್ಷದಲ್ಲೂ ಹೋಮ್ ರನ್ ಮತ್ತು ಆರ್‌ಬಿಐ ಎರಡರಲ್ಲೂ ಸೆಂಟ್ರಲ್ ಲೀಗಿಗೆ ಮೊದಲು ಬಂದವರು ಇವರೇ. ಹಾಗಾಗಿ 2022ರ ನಂತರ ಮುರಕಾಮಿ ಮುಗಿದೇಹೋದರು ಅನ್ನುವುದು ಸುಮ್ನೆ ಮಾತು. ಇನ್ನೊಂದು ಕಡೆ, ಜಿಂಗೂ ಚಿಕ್ಕ ಮೈದಾನ ಅನ್ನುವುದನ್ನೂ ಮರೆಯಬಾರದು. ಬೌಂಡರಿ ಮೂಲೆಗಳು 100 ಮೀಟರ್‌ಗಿಂತ ಹತ್ತಿರ. ಆದರೆ ಮುರಕಾಮಿ ಹೊಡೆತಗಳಲ್ಲಿ ಜಾಸ್ತಿಯವು ಯಾವ ಮೈದಾನದಲ್ಲಾದರೂ ಆಚೆ ಹೋಗುವಂಥವು. 2023ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಫೈನಲ್‌ನಲ್ಲಿ ಅಮೆರಿಕದ ಮೆರಿಲ್ ಕೆಲ್ಲಿಗೆ ಹೊಡೆದ ಹೋಮ್ ರನ್ ಬ್ಯಾಟಿನಿಂದ ಹೊರಟಾಗ ಅದರ ವೇಗ ಗಂಟೆಗೆ 185 ಕಿ.ಮೀ. ಇತ್ತು. ಬಲದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ, ಇವತ್ತಿಗೂ ಇಲ್ಲ.

ಅನುಮಾನ ಇದ್ದದ್ದು ಚೆಂಡು ಸಿಗುತ್ತದೋ ಇಲ್ಲವೋ ಅನ್ನುವುದರ ಬಗ್ಗೆ. ಬ್ಯಾಟರ್‌ಗಳು ಯಾವ ಚೆಂಡಿಗೆ ತಪ್ಪುತ್ತಾರೆ ಅಂತ ಈಗ ತಂಡಗಳು ಬಿಡಿಸಿ ಬಿಡಿಸಿ ನೋಡುತ್ತವೆ. ಆಚೆ ಹೋಗುವ ಚೆಂಡಿಗೆ ಆಸೆಪಟ್ಟು ಬೀಸಿ ತಪ್ಪಿದರೆ ಅದು ಆಯ್ಕೆಯ ತಪ್ಪು. ಅದನ್ನು ತಿದ್ದಬಹುದು. ಸ್ಟ್ರೈಕ್ ವಲಯದ ಒಳಗೇ ಬಂದ, ಹೊಡೆಯಲೇಬೇಕಾದ ಚೆಂಡಿಗೆ ಬೀಸಿ ತಪ್ಪಿದರೆ ತಲೆನೋವು ಬೇರೆ ಥರದ್ದು. ಮೇಜರ್ ಲೀಗಿನಲ್ಲಿ ವಲಯದೊಳಗಿನ ಚೆಂಡಿಗೆ ನೂರು ಸಲ ಬೀಸಿದರೆ ಸಾಮಾನ್ಯ ಬ್ಯಾಟರ್‌ಗೆ 82ಕ್ಕಿಂತ ಹೆಚ್ಚು ಸಲ ಸಿಗುತ್ತದೆ. ಜಪಾನಿನಲ್ಲಿ ಮುರಕಾಮಿಗೆ ಸಿಗುತ್ತಿದ್ದದ್ದು ಸುಮಾರು 73. ಅದೂ ಅಮೆರಿಕಕ್ಕಿಂತ ನಿಧಾನದ ಪಿಚಿಂಗ್ ಎದುರು.

ಎಷ್ಟು ನಿಧಾನ? ಮೇಜರ್ ಲೀಗಿನ ವೇಗದ ಎಸೆತದ ಸರಾಸರಿ 151 ಕಿ.ಮೀ. ಹತ್ತಿರ ಇದೆ. ಜಪಾನಿನದು ಅದಕ್ಕಿಂತ ನಾಲ್ಕೈದು ಕಿ.ಮೀ. ಕಡಿಮೆ. ಇಷ್ಟೇನಾ ಅನಿಸಬಹುದು. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್‌ಗೆ 18.44 ಮೀಟರ್. 150 ಕಿ.ಮೀ. ವೇಗದ ಚೆಂಡು ಅದನ್ನು ದಾಟಲು ಸುಮಾರು 0.4 ಸೆಕೆಂಡ್ ಸಾಕು. ಕ್ರಿಕೆಟ್‌ನಂತೆ ಪಿಚ್ ಬಿದ್ದು ವೇಗ ಕಳೆದುಕೊಂಡು ಬರುವುದಿಲ್ಲ, ನೇರ ಬರುತ್ತದೆ. ಆ 0.4 ಸೆಕೆಂಡ್‌ನಲ್ಲಿ ನೋಡಬೇಕು, ತೀರ್ಮಾನ ಮಾಡಬೇಕು, ಬೀಸಬೇಕು. ರಣಜಿಯಲ್ಲಿ ರಾಶಿ ರಾಶಿ ರನ್ ಮಾಡಿದವರು ಪರ್ತ್‌ನ ಪಿಚ್‌ನಲ್ಲಿ ತಿಣುಕಿದ್ದನ್ನು ನಾವೂ ನೋಡಿದ್ದೇವಲ್ಲ. ಕೈಚಳಕ ಹೋಗಿರುವುದಿಲ್ಲ, ಸಮಯ ಹೋಗಿರುತ್ತದೆ. ಇನ್ನು ಅಮೆರಿಕದ ಚೆಂಡು ಜಪಾನಿನದಕ್ಕಿಂತ ಕೊಂಚ ದೊಡ್ಡದು, ಜಾರುವಂಥದ್ದು. ಅದರ ತಿರುವೂ ಬೇರೆ. ಜಪಾನಿನಲ್ಲಿ ವರ್ಷಕ್ಕೆ 143 ಪಂದ್ಯ, ಅಲ್ಲಿ 162. ಜೊತೆಗೆ ಊರಿಂದೂರಿಗೆ ಗಂಟೆಗಟ್ಟಲೆ ವಿಮಾನ ಪ್ರಯಾಣ.

ಹಿಂದೆ ಹೋದವರ ಕತೆ ಒಂದೇ ಥರ ಇಲ್ಲ. ಹಿದೆಕಿ ಮತ್ಸುಯಿ 2002ರಲ್ಲಿ ಜಪಾನಿನಲ್ಲಿ 50 ಹೊಡೆದು ನ್ಯೂಯಾರ್ಕ್ ಯಾಂಕೀಸ್‌ಗೆ ಹೋದರು. ಮೊದಲ ವರ್ಷ ಬರೀ 16. ಮರುವರ್ಷ 31. 2009ರಲ್ಲಿ ಮೇಜರ್ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ. ಆದರೂ ಅಮೆರಿಕದಲ್ಲಿ ಒಮ್ಮೆಯೂ 50ರ ಹತ್ತಿರ ಸುಳಿಯಲಿಲ್ಲ. ಯೊಶಿತೊಮೊ ತ್ಸುತ್ಸುಗೊ 2016ರಲ್ಲಿ 44 ಹೋಮ್ ರನ್ ಹೊಡೆದ ಭಾರೀ ಹೆಸರು. 2020ರಲ್ಲಿ ಟ್ಯಾಂಪಾ ಬೇಗೆ ಹೋಗಿ .197 ಸರಾಸರಿಯಲ್ಲಿ ಒದ್ದಾಡಿದರು. ಮೂರು ತಂಡ ಸುತ್ತಿ, 2024ರಲ್ಲಿ ಜಪಾನಿಗೆ ವಾಪಸ್ ಬಂದರು. ಅವರ ಸಮಸ್ಯೆ ವೇಗದ ಚೆಂಡೇ ಆಗಿತ್ತು. ಮುರಕಾಮಿ ಬಗ್ಗೆ ಮಾತು ಬಂದಾಗ ತಂಡಗಳ ಕಚೇರಿಯಲ್ಲಿ ತ್ಸುತ್ಸುಗೊ ನೆನಪಾಗದೇ ಇರಲು ಸಾಧ್ಯವೇ ಇಲ್ಲ ಅನಿಸುತ್ತದೆ ನನಗೆ.

ಉಲ್ಟಾ ಉದಾಹರಣೆ ಶೊಹೆ ಒಹ್ತಾನಿ. ಜಪಾನಿನ ಐದು ವರ್ಷದಲ್ಲಿ ಅವರು ಹೊಡೆದದ್ದು ಒಟ್ಟು 48 ಹೋಮ್ ರನ್. ಅಮೆರಿಕದಲ್ಲಿ 2024ರಲ್ಲಿ ಒಂದೇ ವರ್ಷಕ್ಕೆ 54, ಮರುವರ್ಷ 55. 2018ರ ಅಭ್ಯಾಸ ಪಂದ್ಯಗಳಲ್ಲಿ ಅವರಿಗೂ ಚೆಂಡೇ ಸಿಗುತ್ತಿರಲಿಲ್ಲ. ಹೈಸ್ಕೂಲ್ ಮಟ್ಟದ ಆಟ ಅಂತ ಆಡಿಕೊಂಡವರೂ ಇದ್ದರು. ಆಗ ಅವರು ಬದಲಿಸಿದ್ದು ಒಂದು ಸಣ್ಣ ವಿಷಯ. ಬೀಸುವ ಮೊದಲು ಮುಂದಿನ ಕಾಲನ್ನು ಎತ್ತರಕ್ಕೆ ಎತ್ತುವುದನ್ನು ಬಿಟ್ಟರು. ಹಿಮ್ಮಡಿ ಎತ್ತಿ ಕಾಲ್ಬೆರಳನ್ನು ನೆಲದಲ್ಲೇ ತಿರುಗಿಸಿ ಬೀಸತೊಡಗಿದರು. ಕಾಲು ಕಡಿಮೆ ದೂರ ಹೋದರೆ ಸಮಯ ಉಳಿಯುತ್ತದೆ. ಸೀಸನ್ ಶುರುವಾದ ಕೆಲವೇ ದಿನದಲ್ಲಿ ಹೋಮ್ ರನ್ ಮೇಲೆ ಹೋಮ್ ರನ್. ಹಾಗಾಗಿ ವೇಗಕ್ಕೆ ಮದ್ದಿಲ್ಲ ಅಂತಲ್ಲ. ಮದ್ದು ಎಲ್ಲರ ಮೈಗೂ ಹಿಡಿಯುತ್ತದೆ ಅಂತಲೂ ಅಲ್ಲ.

ಮುರಕಾಮಿ ಒತ್ತಡದಲ್ಲಿ ಹೇಗೆ ಅನ್ನುವ ಪ್ರಶ್ನೆಗೆ 2023ರ ಮಾರ್ಚ್‌ನಲ್ಲೇ ಉತ್ತರ ಸಿಕ್ಕಿದೆ. ಆಗಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಟೂರ್ನಿಯಲ್ಲಿ ಅವರ ಆಟ ಎಷ್ಟು ಕೆಟ್ಟಿತ್ತೆಂದರೆ ನಾಲ್ಕನೇ ಕ್ರಮಾಂಕದಿಂದ ಕೆಳಗಿಳಿಸಿದ್ದರು. ಮಯಾಮಿಯಲ್ಲಿ ಮೆಕ್ಸಿಕೊ ವಿರುದ್ಧ ಸೆಮಿಫೈನಲ್. ಅದುವರೆಗೆ ನಾಲ್ಕು ಸರದಿ, ಮೂರು ಸ್ಟ್ರೈಕ್ ಔಟ್. ಒಂಬತ್ತನೇ ಇನಿಂಗ್ಸ್, ಜಪಾನ್ 4–5 ಹಿಂದೆ. ಒಹ್ತಾನಿ ಎರಡನೇ ಬೇಸ್‌ನಲ್ಲಿ, ಮೊದಲ ಬೇಸ್‌ನಲ್ಲಿ ಇನ್ನೊಬ್ಬ. ಜಪಾನಿ ಆಟದ ಹಳೆಯ ಪಾಠ ಇಲ್ಲಿ ಬಂಟ್ ಮಾಡಿಸು ಅನ್ನುತ್ತದೆ. ಅಂದರೆ ಚೆಂಡನ್ನು ಮೆಲ್ಲಗೆ ತಟ್ಟಿ, ತಾನು ಔಟಾಗಿ, ಓಟಗಾರರನ್ನು ಮುಂದಕ್ಕೆ ಕಳಿಸುವುದು. ಬಂಟ್ ಮಾಡಲು ಬದಲಿ ಆಟಗಾರನೂ ತಯಾರಿದ್ದ. ಮ್ಯಾನೇಜರ್ ಹಿದೆಕಿ ಕುರಿಯಾಮಾ ಹಾಗೆ ಮಾಡಲಿಲ್ಲ. ನಿನಗೇ ಬಿಟ್ಟದ್ದು ಅಂತ ಕೋಚ್ ಕೈಲಿ ಹೇಳಿ ಕಳಿಸಿದರು. ಮುರಕಾಮಿ ಹೊಡೆದ ಚೆಂಡು ಮಧ್ಯದ ಗೋಡೆಗೆ ಬಡಿಯಿತು, ಇಬ್ಬರೂ ಓಡಿ ರನ್ ಪೂರೈಸಿದರು, ಜಪಾನ್ 6–5ರಿಂದ ಫೈನಲ್‌ಗೆ. ಮರುದಿನ ಅಮೆರಿಕವನ್ನು 3–2ರಿಂದ ಸೋಲಿಸಿ ಕಪ್ಪು.

ಈಗ ಒಪ್ಪಂದಕ್ಕೆ ಬರೋಣ. ಜಪಾನಿನ ತಂಡ ತನ್ನ ಆಟಗಾರನನ್ನು ಅಮೆರಿಕಕ್ಕೆ ಬಿಡುವ ವ್ಯವಸ್ಥೆಗೆ ಪೋಸ್ಟಿಂಗ್ ಅನ್ನುತ್ತಾರೆ. ಮಾತುಕತೆಗೆ 45 ದಿನ. 25 ತುಂಬದೆ ಹೋದರೆ ಹೊಸಬರಿಗೆ ಕೊಡುವ ಪುಡಿಗಾಸಿಗೇ ಸಹಿ ಹಾಕಬೇಕು. 23ಕ್ಕೇ ಹೋದ ಒಹ್ತಾನಿಗೆ ಆದದ್ದು ಅದೇ. ಮುರಕಾಮಿ 25 ತುಂಬುವವರೆಗೆ ಕಾದದ್ದು ಇದಕ್ಕೇ. ಆದರೂ ಗಡುವಿಗೆ ಒಂದು ದಿನ ಇದೆ ಅನ್ನುವಾಗ ಸಹಿ ಬಿತ್ತು. ಯಾಕುಲ್ಟ್‌ಗೂ ಇದು ಹೊಡೆತವೇ. ಬಿಟ್ಟುಕೊಟ್ಟ ತಂಡಕ್ಕೆ ಮೊದಲ 2.5 ಕೋಟಿ ಡಾಲರ್‌ಗೆ ಶೇ 20, ಮುಂದಿನ 2.5 ಕೋಟಿಗೆ ಶೇ 17.5, ಅದರ ಮೇಲಿನದಕ್ಕೆ ಶೇ 15 ಸಿಗುತ್ತದೆ. 3.4 ಕೋಟಿಗೆ ಲೆಕ್ಕ ಹಾಕಿದರೆ 65.75 ಲಕ್ಷ ಡಾಲರ್. ಆ 18 ಕೋಟಿಯ ಅಂದಾಜು ನಿಜವಾಗಿದ್ದರೆ 2.9 ಕೋಟಿಯ ಹತ್ತಿರ ಬರುತ್ತಿತ್ತು.

ಒಂದು ವಿಷಯ ಮಾತ್ರ ಬಹಳ ಜನರ ಕಣ್ಣು ತಪ್ಪಿತು. ಮುರಕಾಮಿಯ ಹಿಂದೆಯೇ ಒಕಾಮೊತೊ ಟೊರಾಂಟೊ ಬ್ಲೂ ಜೇಸ್ ಜೊತೆ ನಾಲ್ಕು ವರ್ಷಕ್ಕೆ 6 ಕೋಟಿ ಡಾಲರ್‌ಗೆ ಒಪ್ಪಿದರು. ಒಕಾಮೊತೊಗೆ ಆಗ 29 ವಯಸ್ಸು. 2022ರಲ್ಲಿ ಮುರಕಾಮಿಗಿಂತ 26 ಹೋಮ್ ರನ್ ಹಿಂದಿದ್ದವರು. ಅವರಿಗೆ ಜಾಸ್ತಿ ದುಡ್ಡು ಹೇಗೆ ಅಂತ ಕೇಳಿದವರು ಭಾಗಾಕಾರ ಮಾಡಲಿಲ್ಲ. ಒಕಾಮೊತೊಗೆ ವರ್ಷಕ್ಕೆ 1.5 ಕೋಟಿ, ಮುರಕಾಮಿಗೆ 1.7 ಕೋಟಿ. ವರ್ಷದ ಬೆಲೆ ಮುರಕಾಮಿಯದೇ ಹೆಚ್ಚು, ವರ್ಷಗಳ ಸಂಖ್ಯೆ ಕಡಿಮೆ. 2025ರಲ್ಲಿ ಒಕಾಮೊತೊ ಸ್ಟ್ರೈಕ್ ಔಟ್ ಪ್ರಮಾಣ ಮುರಕಾಮಿಯದರ ಅರ್ಧವೂ ಇರಲಿಲ್ಲ. ಅಂಥವರ ಆಟ ಒಮ್ಮೆಲೇ ಕುಸಿಯುವುದಿಲ್ಲ ಅನ್ನುವ ಧೈರ್ಯದಲ್ಲಿ ತಂಡ ನಾಲ್ಕು ವರ್ಷ ಬರೆದುಕೊಡುತ್ತದೆ. ಮುರಕಾಮಿ ವಿಷಯದಲ್ಲಿ 40 ಹೋಮ್ ರನ್ನೂ ಸಾಧ್ಯ, .190 ಸರಾಸರಿಯೂ ಸಾಧ್ಯ. ಎಂಟು ವರ್ಷದ ಚೆಕ್ ಬರೆಯುವ ಮಾಲೀಕನಿಗೆ ಇದು ನಿದ್ದೆ ಕೆಡಿಸುವ ಮಾತು. ಎರಡು ವರ್ಷದ ಚೆಕ್ಕಾದರೆ ಪರವಾಗಿಲ್ಲ.

ಮುರಕಾಮಿ ಕಡೆಯಿಂದ ನೋಡಿದರೂ ಇದು ಸೋಲಿನ ಸಹಿ ಅಲ್ಲ ಅನ್ನುವುದು ನನ್ನ ಲೆಕ್ಕ. 2027ರ ಸೀಸನ್ ಮುಗಿದಾಗ ಅವರಿಗೆ ಇನ್ನೂ 27. ಚೆನ್ನಾಗಿ ಆಡಿದರೆ ಮತ್ತೆ ಮಾರುಕಟ್ಟೆಗೆ ಬರಬಹುದು, ಈ ಸಲ ಅಮೆರಿಕದ ಅಂಕಿಗಳನ್ನೇ ಕೈಯಲ್ಲಿ ಹಿಡಿದು. ತಂಡದ ಆಯ್ಕೆಯೂ ಜಾಣತನದ್ದೇ. ವೈಟ್ ಸಾಕ್ಸ್ 2024ರಲ್ಲಿ 121 ಪಂದ್ಯ ಸೋತು ಆಧುನಿಕ ಕಾಲದ ಕೆಟ್ಟ ದಾಖಲೆ ಬರೆದ ತಂಡ. 2025ರಲ್ಲಿ ಮತ್ತೆ 102 ಸೋಲು. ಇಂಥ ತಂಡದಲ್ಲಿ ಒಂದು ತಿಂಗಳು ಚೆಂಡು ಸಿಗದಿದ್ದರೂ ಬೆಂಚಿಗೆ ಕಳಿಸುವ ಅವಸರ ಇರುವುದಿಲ್ಲ. ನ್ಯೂಯಾರ್ಕ್‌ನಲ್ಲೋ ಲಾಸ್ ಏಂಜಲೀಸ್‌ನಲ್ಲೋ ಆ ಒಂದು ತಿಂಗಳು ಸಿಗುತ್ತಿರಲಿಲ್ಲ. ಇನ್ನೊಂದು ಸ್ವಾರಸ್ಯ: ಯಾಕುಲ್ಟ್‌ನಲ್ಲಿ 2020ರಿಂದ 2025ರವರೆಗೆ ಮುರಕಾಮಿಯ ಮ್ಯಾನೇಜರ್ ಆಗಿದ್ದ ಶಿಂಗೊ ತಕಾತ್ಸು ಹಿಂದೆ ಇದೇ ವೈಟ್ ಸಾಕ್ಸ್‌ನ ಪಿಚರ್. ಶಿಕಾಗೊ ಬಗ್ಗೆ ಕೇಳಲು ದೂರ ಹೋಗಬೇಕಾಗಿರಲಿಲ್ಲ.

ಇನ್ನು ಅವರ ಆಟ ನೋಡುವವರು ಹೋಮ್ ರನ್ ಎಣಿಸುವ ಬದಲು ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಸೊಂಟಕ್ಕಿಂತ ಮೇಲೆ, ವಲಯದೊಳಗೇ ಬರುವ 153–155 ಕಿ.ಮೀ. ಚೆಂಡು. ಪಿಚರ್‌ಗಳು ಅಲ್ಲಿಗೇ ಮತ್ತೆ ಮತ್ತೆ ಹಾಕುತ್ತಾರೆ, ತಡವಾಗಿ ಬೀಸುತ್ತಾರೋ ಇಲ್ಲವೋ ಅಂತ ಪರೀಕ್ಷೆ ಮಾಡಲು. ಎರಡನೆಯದು ವಾಕ್. 2022ರಲ್ಲಿ ಅವರು 118 ವಾಕ್ ಪಡೆದಿದ್ದರು. ಕಣ್ಣು ಚೆನ್ನಾಗಿದೆ, ಕೆಟ್ಟ ಚೆಂಡಿಗೆ ಬೀಸುವ ಚಪಲ ಕಡಿಮೆ. ಅಮೆರಿಕದಲ್ಲೂ ಅದು ಉಳಿದರೆ ಸರಾಸರಿ .230 ಇದ್ದರೂ ತಂಡಕ್ಕೆ ನಷ್ಟವಿಲ್ಲ. ಸ್ಟ್ರೈಕ್ ಔಟ್ ಜಾಸ್ತಿಯಾಗಿಯೂ ದಶಕಗಟ್ಟಲೆ ಬಾಳಿದ ಹೋಮ್ ರನ್ ಬ್ಯಾಟರ್‌ಗಳು ಅಮೆರಿಕದಲ್ಲಿ ಬೇಕಾದಷ್ಟು ಇದ್ದಾರೆ.

ಇದನ್ನೆಲ್ಲ ಜಪಾನಿನಲ್ಲಿ ಕೂತು ತುಂಬ ಹತ್ತಿರದಿಂದ ನೋಡಲು ಕಾರಣವಿರುವ ಒಬ್ಬರಿದ್ದಾರೆ. ಹನ್ಶಿನ್ ಟೈಗರ್ಸ್‌ನ ತೆರುಆಕಿ ಸಾತೊ. ಅವರೂ ಎಡಗೈ ಬ್ಯಾಟರ್. 2025ರಲ್ಲಿ 40 ಹೋಮ್ ರನ್, ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ. ಸ್ಟ್ರೈಕ್ ಔಟ್ 160ರ ಮೇಲೆ. ಅವರಿಗೂ ಅಮೆರಿಕದ ಆಸೆ ಇದೆ. ಅವರ ಹೆಸರು ಮೇಜಿನ ಮೇಲೆ ಬಂದ ದಿನ ಅಮೆರಿಕದ ತಂಡಗಳು ಮೊದಲು ತೆಗೆದು ನೋಡುವುದು ಶಿಕಾಗೊದಲ್ಲಿ ಮುರಕಾಮಿಗೆ ಎಷ್ಟು ಚೆಂಡು ಸಿಕ್ಕಿತು ಎಂಬ ಲೆಕ್ಕವನ್ನೇ.